ಕಾರು ಬಂತು, ಕಾಗದ ಬರಲಿಲ್ಲ

(ವಾಣಿಜ್ಯ ಮತ್ತು ನಿರ್ವಹಣಾ ವಿಭಾಗದ ವಿದ್ಯಾರ್ಥಿಗಳ ಎದುರು ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಮೂರನ್ನು ಮಾತ್ರ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪರಿಚಯಿಸುವಾಗ ನನ್ನನ್ನು ಗ್ರಾಹಕ ಹೋರಾಟಗಾರ ಎಂದರು. ಅಷ್ಟು ದೊಡ್ಡ ಬಿರುದು ಬೇಡ. ದೂರಿನ ಕಡತಗಳನ್ನು ಓದುವ ಚಟ ಹತ್ತಿದವನು ಎಂದುಕೊಳ್ಳಿ, ಸಾಕು. ಇವತ್ತು ಆನ್‌ಲೈನ್‌ನಲ್ಲಿ ಹಳೆ ಕಾರು ಮಾರುವ ಕಂಪನಿಗಳ ಬಗ್ಗೆ ಮಾತಾಡುತ್ತೇನೆ. ಅದರಲ್ಲೂ ಅಮೆರಿಕದ ಕಂಪನಿಗಳ ಬಗ್ಗೆ. ಈ ವ್ಯಾಪಾರ ಭಾರಿಯಾಗಿ ಬೆಳೆದದ್ದು ಅಲ್ಲಿ, ಮುಗ್ಗರಿಸಿದ್ದೂ ಅಲ್ಲಿ. ಮುಗ್ಗರಿಸಿದ್ದರ ಸರ್ಕಾರಿ ದಾಖಲೆಗಳು ಯಾರು ಬೇಕಾದರೂ ಓದುವ ಹಾಗೆ ತೆರೆದಿವೆ.

ಅಮೆರಿಕದಲ್ಲಿ ಹಳೆ ಕಾರು ಮಾರುವವನಿಗೆ ಇರುವಂಥ ಕೆಟ್ಟ ಹೆಸರು ಬೇರೆ ಕಸುಬಿನವರಿಗೆ ಅಪರೂಪ. 1960ರ ಅಧ್ಯಕ್ಷೀಯ ಚುನಾವಣೆಯಲ್ಲಿ ರಿಚರ್ಡ್ ನಿಕ್ಸನ್ ಅವರ ಫೋಟೊದ ಕೆಳಗೆ ‘ಈ ಮನುಷ್ಯನಿಂದ ಹಳೆ ಕಾರು ಕೊಳ್ಳುತ್ತೀರಾ?’ ಎಂದು ಅಚ್ಚು ಹಾಕಿಸಿ ಹಂಚಿದ್ದರು. ಬೈಗುಳಕ್ಕೆ ಅಷ್ಟೇ ಸಾಕಿತ್ತು. ಚೌಕಾಸಿ, ಕೊನೇ ಗಳಿಗೆಯಲ್ಲಿ ಸೇರುವ ಶುಲ್ಕ, ‘ಮ್ಯಾನೇಜರನ್ನು ಕೇಳಿ ಬರ್ತೀನಿ’ ಎಂದು ಒಳಗೆ ಹೋಗಿ ಅರ್ಧ ಗಂಟೆ ಕೂರಿಸುವುದು, ಇವೆಲ್ಲ ಆ ವ್ಯಾಪಾರದ ಹಳೆಯ ವರಸೆಗಳು. ಆನ್‌ಲೈನ್ ಕಂಪನಿಗಳು ಕೊಟ್ಟ ಭರವಸೆಯೇ ಇದು: ಆ ಮನುಷ್ಯನನ್ನೇ ನಡುವಿನಿಂದ ತೆಗೆದುಬಿಡುತ್ತೇವೆ. ಫೋಟೊ ನೋಡಿ, ಸಾಲಕ್ಕೆ ಅರ್ಜಿ ಹಾಕಿ, ಬಟನ್ ಒತ್ತಿ, ಗಾಡಿ ಮನೆ ಬಾಗಿಲಿಗೆ ಬರುತ್ತದೆ.

ಗಾಡಿ ಬಂತು, ಅದರಲ್ಲಿ ಸುಳ್ಳಿಲ್ಲ. ಆ ಮನುಷ್ಯನೂ ಹೋದ. ಆದರೆ ಅವನ ಜೊತೆಗೆ ಇನ್ನೊಂದೂ ಹೋಯಿತು. ತಕರಾರಿದ್ದಾಗ ಎದುರು ನಿಂತು ಕೇಳಬಹುದಾದ, ಕೇಳಿದ ಮೇಲೆ ‘ಆಯ್ತು, ಮಾಡಿಕೊಡ್ತೀನಿ’ ಎನ್ನುವ ಅಧಿಕಾರ ಇದ್ದ ಒಬ್ಬ ವ್ಯಕ್ತಿ. ಗ್ರಾಹಕ, ನೌಕರ, ಕೆಲಸಕ್ಕೆ ಅರ್ಜಿ ಹಾಕಿದವನು, ಈ ಮೂವರ ಗೋಳು ಬೇರೆಬೇರೆ ಅನ್ನಿಸುತ್ತದೆ. ನನಗೆ ಅದು ಒಂದೇ ಗೋಳಾಗಿ ಕಾಣುತ್ತದೆ. ಮೂವರೂ ಹುಡುಕುತ್ತಿರುವುದು ಆ ಅಧಿಕಾರ ಇರುವ ವ್ಯಕ್ತಿಯನ್ನು.

ಸ್ವಲ್ಪ ಇತಿಹಾಸ. ಕಾರ್ವಾನಾ ಕಂಪನಿ ಶುರುವಾದದ್ದು 2012ರಲ್ಲಿ, ಅರಿಜೋನಾದಲ್ಲಿ. ಸಂಸ್ಥಾಪಕರಲ್ಲಿ ಮುಖ್ಯರಾದ ಅರ್ನೆಸ್ಟ್ ಗಾರ್ಸಿಯಾ ಹೊಸಬರೇನಲ್ಲ. ಅವರ ತಂದೆಯದು ಡ್ರೈವ್‌ಟೈಮ್ ಎಂಬ ಹಳೆ ಕಾರಿನ ದೊಡ್ಡ ಕಂಪನಿ. ಕಾರ್ವಾನಾ ಹುಟ್ಟಿದ್ದು ಅದರ ಮಡಿಲಲ್ಲೇ. ಜನ ಗುರುತಿಸಿದ್ದು ಕಾರಿನ ವೆಂಡಿಂಗ್ ಮಷೀನ್‌ನಿಂದ. 2015ರಲ್ಲಿ ನ್ಯಾಶ್‌ವಿಲ್‌ನಲ್ಲಿ ಗಾಜಿನ ಗೋಪುರ ಕಟ್ಟಿ, ಗ್ರಾಹಕರು ದೊಡ್ಡದೊಂದು ಟೋಕನ್ ಹಾಕಿದರೆ ಅವರ ಕಾರು ತಾನಾಗಿ ಕೆಳಗಿಳಿದು ಬರುವಂತೆ ಮಾಡಿದರು. ಪ್ರಚಾರದ ತಂತ್ರವೇ, ಆದರೆ ಒಳ್ಳೆಯ ತಂತ್ರ. ಅದಕ್ಕಿಂತ ಮುಖ್ಯವಾದದ್ದು ಏಳು ದಿನದ ವಾಪಸಾತಿ. ಇಷ್ಟವಾಗದಿದ್ದರೆ ಏಳು ದಿನದೊಳಗೆ ಗಾಡಿ ಹಿಂತಿರುಗಿಸಿ, ಪ್ರಶ್ನೆ ಕೇಳುವುದಿಲ್ಲ ಎಂದರು. ಅಮೆರಿಕದಲ್ಲಿ ಡೀಲರ್ ಅಂಗಳದಿಂದ ಕೊಂಡ ಕಾರನ್ನು ಮನಸ್ಸು ಬದಲಾಯಿತು ಎಂದು ಹಿಂತಿರುಗಿಸುವ ಹಕ್ಕು ಕೇಂದ್ರದ ಕಾನೂನಿನಲ್ಲಿಲ್ಲ. ಹಾಗಾಗಿ ಇದು ನಿಜವಾಗಿಯೂ ದೊಡ್ಡ ಮಾತು.

2020ರಲ್ಲಿ ಕೋವಿಡ್ ಬಂತು. ಷೋರೂಂ ಮುಚ್ಚಿದವು, ಜನ ಮನೆಯಲ್ಲೇ ಕೂತು ಕೊಳ್ಳಲು ಶುರು ಮಾಡಿದರು. ಮುಂದಿನ ವರ್ಷ ಚಿಪ್ ಸಿಗದೆ ಹೊಸ ಕಾರುಗಳ ತಯಾರಿ ಕುಂಟಿತು, ಹಳೆ ಕಾರಿನ ಬೆಲೆ ಆಕಾಶಕ್ಕೇರಿತು. 2021ರ ಜೂನ್‌ನಲ್ಲಿ ಹಳೆ ಕಾರುಗಳ ಬೆಲೆ ವರ್ಷದ ಹಿಂದಿನದಕ್ಕಿಂತ ಶೇ 45ರಷ್ಟು ಹೆಚ್ಚಿತ್ತು. ಆ ವರ್ಷ ಕಾರ್ವಾನಾ ಮಾರಿದ್ದು 4,25,237 ಕಾರು. ಷೇರಿನ ಬೆಲೆ ಆಗಸ್ಟ್‌ನಲ್ಲಿ 370 ಡಾಲರ್ ಆಸುಪಾಸಿಗೆ ಹೋಯಿತು.

ಇಲ್ಲಿಂದ ಕಾಗದದ ಕಥೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಇಡೀ ಉಪನ್ಯಾಸದ ತಿರುಳು ಇರುವುದು ಇಲ್ಲಿ.

ಅಮೆರಿಕದಲ್ಲಿ ಕಾರಿಗೆ ‘ಟೈಟಲ್’ ಎಂಬ ಒಂದು ಹಕ್ಕುಪತ್ರ ಇರುತ್ತದೆ. ಅದು ಹೊಸ ಮಾಲೀಕರ ಹೆಸರಿಗೆ ಆಗದೆ ಶಾಶ್ವತ ನಂಬರ್ ಪ್ಲೇಟ್ ಸಿಗುವುದಿಲ್ಲ. ಅದನ್ನು ಕೊಡುವುದು ರಾಜ್ಯ ಸರ್ಕಾರ. ಐವತ್ತು ರಾಜ್ಯ, ಐವತ್ತು ಬಗೆಯ ಅರ್ಜಿ. ಈಗ ನೋಡಿ: ಒಬ್ಬನ ಕಾರಿನ ಮೇಲೆ ಸಾಲ ಬಾಕಿ ಇದೆ. ಅವನಿಂದ ಕಂಪನಿ ಆ ಕಾರನ್ನು ಕೊಳ್ಳುತ್ತದೆ, ಬ್ಯಾಂಕಿನ ಸಾಲ ತೀರಿಸುತ್ತದೆ. ಟೈಟಲ್ ಬ್ಯಾಂಕಿನ ಹಿಡಿತದಲ್ಲಿದೆ; ಬ್ಯಾಂಕು ಅದನ್ನು ಬಿಡುಗಡೆ ಮಾಡಲು ಕೆಲವು ದಿನ, ಕೆಲವೊಮ್ಮೆ ಕೆಲವು ವಾರ ತೆಗೆದುಕೊಳ್ಳುತ್ತದೆ. ಅಷ್ಟು ದಿನ ಗಾಡಿಯನ್ನು ಸುಮ್ಮನೆ ನಿಲ್ಲಿಸಿಕೊಂಡರೆ ನಷ್ಟ, ಯಾಕೆಂದರೆ ಗಾಡಿ ಕೊಳ್ಳಲು ತಂದ ಹಣಕ್ಕೆ ಬಡ್ಡಿ ಓಡುತ್ತಿರುತ್ತದೆ, ಗಾಡಿಯ ಬೆಲೆ ಸಾಮಾನ್ಯವಾಗಿ ದಿನದಿನಕ್ಕೂ ಇಳಿಯುತ್ತಿರುತ್ತದೆ. ಹಾಗಾಗಿ ಕಾಗದ ಬರುವ ಮೊದಲೇ ತೊಳೆದು, ಫೋಟೊ ತೆಗೆದು, ಮಾರಾಟಕ್ಕೆ ಹಾಕುತ್ತಾರೆ. ಕೊಳ್ಳುವವರು ಇನ್ನೊಂದು ರಾಜ್ಯದಲ್ಲಿ. ಅಲ್ಲಿನ ಅರ್ಜಿಯಲ್ಲಿ ಓಡೋಮೀಟರ್ ಅಂಕಿ ಒಂದು ತಪ್ಪಿದರೂ, ಒಂದು ಸಹಿ ಬಿಟ್ಟುಹೋದರೂ ಕಡತ ಹಿಂದಕ್ಕೆ. ಫೋಟೊ ತೆಗೆಯುವುದನ್ನು ಯಂತ್ರಕ್ಕೆ ಒಪ್ಪಿಸಬಹುದು, ಸಾಲದ ಮಂಜೂರಾತಿಯನ್ನು ಸಾಫ್ಟ್‌ವೇರ್‌ಗೆ ಒಪ್ಪಿಸಬಹುದು. ಈ ಕಾಗದದ ಕೆಲಸಕ್ಕೆ ಮಾತ್ರ ಅನುಭವ ಇರುವ ಗುಮಾಸ್ತರೇ ಬೇಕು. ಮಾರಾಟ ಓಡಿದ ವೇಗಕ್ಕೆ ಗುಮಾಸ್ತರ ಕೋಣೆ ಓಡಲಿಲ್ಲ. ಇದರಲ್ಲಿ ಒಳಸಂಚು ಏನೂ ಬೇಕಿಲ್ಲ, ಲೆಕ್ಕಾಚಾರ ಸಾಕು. ಕಾಗದ ತಡವಾದರೆ ಅದರ ಖರ್ಚು ಬೀಳುವುದು ಗ್ರಾಹಕರ ತಲೆಯ ಮೇಲೆ. ಗಾಡಿ ನಿಂತರೆ ಕಂಪನಿಯ ತಲೆಯ ಮೇಲೆ.

ಒಬ್ಬಾಕೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಊಹೆಯವಳೇ, ಆದರೆ ದೂರುಗಳಲ್ಲಿ ಇಂಥವರು ಸಾಲುಗಟ್ಟಿ ಸಿಗುತ್ತಾರೆ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ಇಲಿನಾಯ್‌ನಲ್ಲಿ ಮನೆ. ಗಾಡಿ ಟ್ರಕ್ಕಿನ ಮೇಲೆ ಬಂತು, ಚೆನ್ನಾಗಿದೆ. ಹಿಂದೆ ಕಾಗದದ ತಾತ್ಕಾಲಿಕ ನಂಬರ್, ಅದರ ಮೇಲೆ ದಪ್ಪಕ್ಷರದಲ್ಲಿ ಮುಗಿಯುವ ದಿನಾಂಕ. ಆ ದಿನಾಂಕ ಹತ್ತಿರ ಬಂತು, ಪ್ಲೇಟ್ ಬರಲಿಲ್ಲ. ಫೋನ್ ಮಾಡಿದರೆ ‘ಪ್ರೊಸೆಸಿಂಗ್‌ನಲ್ಲಿದೆ ಮೇಡಂ’. ಆಮೇಲೆ ಇನ್ನೊಂದು ತಾತ್ಕಾಲಿಕ ನಂಬರ್ ಅಂಚೆಯಲ್ಲಿ ಬಂತು. ನೋಡಿದರೆ ಅವಳು ಕಾಲಿಡದ ಯಾವುದೋ ರಾಜ್ಯದ್ದು. ಅದೂ ಮುಗಿಯಿತು. ಪೊಲೀಸರು ನಿಲ್ಲಿಸಿದರು. ಈಗ ಗಾಡಿ ಮನೆಯಂಗಳದಲ್ಲಿ ನಿಂತಿದೆ, ಅವಳು ಬಾಡಿಗೆ ಟ್ಯಾಕ್ಸಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಕಂತು ತಪ್ಪಿಸುವ ಹಾಗಿಲ್ಲ, ವಿಮೆ ತಪ್ಪಿಸುವ ಹಾಗಿಲ್ಲ. ಮಾರೋಣ ಎಂದರೆ ಕಾಗದದ ಪ್ರಕಾರ ಗಾಡಿ ಅವಳದಲ್ಲ. ಹಿಂತಿರುಗಿಸೋಣ ಎಂದರೆ ಏಳು ದಿನ ಎಂದೋ ಕಳೆದಿದೆ. ಆ ಏಳು ದಿನದಲ್ಲಿ ಬ್ರೇಕು ಸದ್ದು ಮಾಡುತ್ತದೆಯೇ, ಎಸಿ ತಣ್ಣಗಾಗುತ್ತದೆಯೇ ಎಂದು ಗೊತ್ತಾಗುತ್ತದೆ. ಕಾಗದ ಕೆಟ್ಟಿದೆ ಎಂದು ಗೊತ್ತಾಗುವ ಹೊತ್ತಿಗೆ ತಿಂಗಳುಗಳಾಗಿರುತ್ತವೆ. ವಾಪಸಾತಿಯ ಭರವಸೆ ಪ್ರಾಮಾಣಿಕವೇ. ಅದು ಕಾಯುವುದು ಮಾತ್ರ ಬೇರೆ ಬಾಗಿಲನ್ನು.

ಸರ್ಕಾರಗಳು ಸುಮ್ಮನಿರಲಿಲ್ಲ. 2021ರ ಆಗಸ್ಟ್‌ನಲ್ಲಿ ನಾರ್ತ್ ಕೆರೊಲಿನಾದ ವೇಕ್ ಕೌಂಟಿಯಲ್ಲಿ ಕಾರ್ವಾನಾ ಮಾರಾಟ ಮಾಡದಂತೆ 180 ದಿನಗಳ ನಿರ್ಬಂಧ ಬಿತ್ತು. 2022ರ ಮೇನಲ್ಲಿ ಇಲಿನಾಯ್ ರಾಜ್ಯ ಕಂಪನಿಯ ಡೀಲರ್ ಲೈಸೆನ್ಸನ್ನು ಅಮಾನತು ಮಾಡಿತು. ಕಾರಣ ಎರಡು: ಟೈಟಲ್ ವರ್ಗಾವಣೆಯಲ್ಲಿ ವಿಳಂಬ, ಹೊರರಾಜ್ಯದ ತಾತ್ಕಾಲಿಕ ನಂಬರ್‌ಗಳ ದುರ್ಬಳಕೆ. ಕೋರ್ಟು ಕಚೇರಿ ಎಲ್ಲ ಆಗಿ, 2023ರ ಜನವರಿಯಲ್ಲಿ ರಾಜಿಯಾಯಿತು. ಕಂಪನಿ ರಾಜ್ಯದ ಕಾನೂನು ಮುರಿದದ್ದನ್ನು ಒಪ್ಪಿಕೊಂಡು, ಭದ್ರತೆಗೆಂದು ಇಟ್ಟಿದ್ದ 2.5 ಲಕ್ಷ ಡಾಲರ್ ಬಾಂಡ್ ಬಿಟ್ಟುಕೊಟ್ಟಿತು. ಅಷ್ಟರಲ್ಲಿ, 2022ರ ಅಕ್ಟೋಬರ್‌ನಲ್ಲಿ, ಮಿಷಿಗನ್‌ನಲ್ಲೂ ನೋವಿ ಊರಿನ ಅದರ ಮಳಿಗೆಯ ಲೈಸೆನ್ಸ್ ಅಮಾನತಾಗಿತ್ತು.

ಒಂದೇ ಕಂಪನಿಯ ತಪ್ಪು ಎಂದುಕೊಳ್ಳಬೇಡಿ. ವ್ರೂಮ್ ಎಂಬ ಇನ್ನೊಂದು ಕಂಪನಿಯ ಮೇಲೆ ಟೆಕ್ಸಸ್‌ನ ಅಟಾರ್ನಿ ಜನರಲ್ 2022ರ ಏಪ್ರಿಲ್‌ನಲ್ಲಿ ಮೊಕದ್ದಮೆ ಹೂಡಿದರು. ಮೂರು ವರ್ಷದಲ್ಲಿ 5,000ಕ್ಕೂ ಹೆಚ್ಚು ದೂರು ಎಂಬುದು ಅವರ ಆರೋಪ. ಮುಂದಿನ ವರ್ಷ 30 ಲಕ್ಷ ಡಾಲರ್‌ಗೆ ಅದು ರಾಜಿಯಲ್ಲಿ ಮುಗಿಯಿತು. ಗ್ರಾಹಕರ ಹಿತ ಕಾಯುವ ಕೇಂದ್ರದ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಕೂಡ ಬೆನ್ನು ಹತ್ತಿತು. ಗಾಡಿಗಳನ್ನು ಕೂಲಂಕಷವಾಗಿ ತಪಾಸಣೆ ಮಾಡಿದ್ದೇವೆ ಎಂದದ್ದು, ಇಷ್ಟು ದಿನದಲ್ಲಿ ತಲುಪಿಸುತ್ತೇವೆ ಎಂದದ್ದು, ಎರಡೂ ನಿಜವಲ್ಲ ಎಂಬ ಆರೋಪದ ಮೇಲೆ ವ್ರೂಮ್ 10 ಲಕ್ಷ ಡಾಲರ್ ಕೊಡಲು ಒಪ್ಪಿತು. ಅದು 2024ರ ಜುಲೈ. ಆ ಹೊತ್ತಿಗೆ ವ್ರೂಮ್ ಆನ್‌ಲೈನ್ ಕಾರು ಮಾರಾಟವನ್ನೇ ನಿಲ್ಲಿಸಿ ಆರು ತಿಂಗಳಾಗಿತ್ತು.

ಈಗ ಫೋನಿನ ಆ ತುದಿಗೆ ಹೋಗೋಣ. ‘ಪ್ರೊಸೆಸಿಂಗ್‌ನಲ್ಲಿದೆ ಮೇಡಂ’ ಎಂದ ಹುಡುಗನ ಪಕ್ಕ ಕೂತು ನೋಡಿ. ನಮಗೆಲ್ಲ ಅವನ ಮೇಲೆ ಸಿಟ್ಟು ಬರುತ್ತದೆ. ಅವನ ಪರದೆಯ ಮೇಲೆ ಇರುವುದು ಒಂದು ಸಾಲು: ಟೈಟಲ್ ಬಾಕಿ. ಯಾವ ರಾಜ್ಯದ ಯಾವ ಮೇಜಿನಲ್ಲಿ ಬಾಕಿ, ಯಾರ ಸಹಿಗೆ ಬಾಕಿ, ಇದನ್ನು ಅವನಿಗೆ ತೋರಿಸುವುದಿಲ್ಲ. ಟೈಟಲ್ ವಿಭಾಗಕ್ಕೆ ಅವನು ನೇರ ಫೋನ್ ಮಾಡುವ ಹಾಗಿಲ್ಲ, ‘ಟಿಕೆಟ್’ ಹಾಕಬೇಕು, ಎಂದರೆ ಕಂಪ್ಯೂಟರಿನಲ್ಲಿ ಕೋರಿಕೆ ದಾಖಲಿಸಬೇಕು. ನಿನ್ನೆ ಹಾಕಿದ ಟಿಕೆಟ್ ಇನ್ನೂ ತೆರೆದೇ ಇದ್ದರೂ ಇವತ್ತು ಇನ್ನೊಂದು ಹಾಕುತ್ತಾನೆ, ಯಾಕೆಂದರೆ ಅವನಿಗಿರುವ ಬಟನ್ ಅದೊಂದೇ. ಕರೆ ಎಷ್ಟು ನಿಮಿಷ ನಡೆಯಿತು ಎಂಬ ಲೆಕ್ಕ ಮೂಲೆಯಲ್ಲಿ ಓಡುತ್ತಿರುತ್ತದೆ. ಆಕೆಯ ಅಳು ಪೂರ್ತಿ ಕೇಳಿಸಿಕೊಂಡರೆ ಇವನ ತಿಂಗಳ ಅಂಕಿ ಕೆಡುತ್ತದೆ. ಬೇಗ ಇಟ್ಟರೆ ಅಂಕಿ ಚೆನ್ನಾಗಿರುತ್ತದೆ, ಆಕೆ ನಾಳೆ ಮತ್ತೆ ಮಾಡುತ್ತಾಳೆ, ಬೇರೆಯವನ ಪಾಲಿಗೆ ಬೀಳುತ್ತಾಳೆ. ಇದು ಒಂದು ಕಂಪನಿಯ ವಿಶೇಷವಲ್ಲ, ಕಾಲ್ ಸೆಂಟರ್ ಕೆಲಸ ನಡೆಯುವ ರೀತಿಯೇ ಹೀಗೆ. ಆದರೆ ಹತ್ತಾರು ಸಾವಿರ ಡಾಲರಿನ ವಸ್ತುವಿಗೆ ಈ ರೀತಿಯನ್ನು ತಂದು ಜೋಡಿಸಿದ್ದು ಈ ವ್ಯಾಪಾರದ ಹೊಸತನ. ಬೈಸಿಕೊಳ್ಳುವ ಕೆಲಸ ಪೂರ್ತಿ ಅವನದು, ಸರಿಪಡಿಸುವ ಅಧಿಕಾರ ಒಂದಿಷ್ಟೂ ಇಲ್ಲ. ಬೇಸತ್ತು ಕೆಲಸ ಬಿಡುವುದು ಇಂಥ ಕಡೆ ಸಂಬಳದ ಕಾರಣಕ್ಕಷ್ಟೇ ಅಲ್ಲ.

2022ರಲ್ಲಿ ಬಡ್ಡಿ ಏರಿತು, ಕಾರು ಕೊಳ್ಳುವವರು ಕಡಿಮೆಯಾದರು. ಮೇ ತಿಂಗಳಲ್ಲಿ ಕಾರ್ವಾನಾ ಸುಮಾರು 2,500 ಜನರನ್ನು, ಎಂದರೆ ಶೇ 12ರಷ್ಟು ಸಿಬ್ಬಂದಿಯನ್ನು ತೆಗೆಯಿತು. ಹಲವರಿಗೆ ಸುದ್ದಿ ತಿಳಿದದ್ದು ಜೂಮ್ ಮೀಟಿಂಗಿನಲ್ಲಿ. ಅದೇ ವಾರ ಕಂಪನಿ ಅಡೇಸಾ ಎಂಬ ಹರಾಜು ಸಂಸ್ಥೆಯ ಅಮೆರಿಕದ ವ್ಯವಹಾರವನ್ನು 220 ಕೋಟಿ ಡಾಲರ್‌ಗೆ ಕೊಂಡದ್ದೂ ಪೂರ್ಣವಾಯಿತು. ಆ ಖರೀದಿ ತಿಂಗಳುಗಳ ಹಿಂದೆಯೇ ಗೊತ್ತಾಗಿತ್ತು, ಸಾಲ ಎತ್ತಿ ಮಾಡಿದ್ದು. ಇದಕ್ಕೂ ಅದಕ್ಕೂ ಲೆಕ್ಕದಲ್ಲಿ ಸಂಬಂಧ ಇಲ್ಲ ಎಂದು ವಾದಿಸಬಹುದು. ಕೆಲಸ ಕಳೆದುಕೊಂಡವನಿಗೆ ಆ ವಾದ ಹೇಳಿ ನೋಡಿ. ನ್ಯಾಯಕ್ಕೆ ಇದನ್ನೂ ಹೇಳಬೇಕು: ಹೊರಹೋದವರ ಪರಿಹಾರಕ್ಕೆಂದು ಮೇಲಿನ ಅಧಿಕಾರಿಗಳು ಆ ವರ್ಷದ ಉಳಿದ ಸಂಬಳ ಬಿಟ್ಟರು. ನವೆಂಬರ್‌ನಲ್ಲಿ ಮತ್ತೆ ಸುಮಾರು 1,500 ಜನ ಹೊರಗೆ. ಡಿಸೆಂಬರ್‌ನಲ್ಲಿ ಷೇರು ನಾಲ್ಕು ಡಾಲರಿಗಿಂತ ಕೆಳಗೆ ಬಂದಿತ್ತು.

ಬ್ರಿಟನ್ನಿನಲ್ಲಿ ಕಜೂ ಎಂಬ ಇಂಥದೇ ಕಂಪನಿ ಇತ್ತು. 2018ರಲ್ಲಿ ಅಲೆಕ್ಸ್ ಚೆಸ್ಟರ್ಮನ್ ಕಟ್ಟಿದ್ದು. ಆಸ್ಟನ್ ವಿಲ್ಲಾ, ಎವರ್ಟನ್ ಫುಟ್‌ಬಾಲ್ ತಂಡಗಳ ಅಂಗಿಯ ಮೇಲೆ ಅದರ ಹೆಸರಿತ್ತು. 2021ರಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಬಂದಾಗ ಅದರ ಮೌಲ್ಯ ಸುಮಾರು 700 ಕೋಟಿ ಡಾಲರ್. 2024ರ ಮೇನಲ್ಲಿ ದಿವಾಳಿ ಪ್ರಕ್ರಿಯೆ. ಅಷ್ಟೇ ಅದರ ಆಯುಸ್ಸು.

ಕೆಲಸ ಹುಡುಕುವವರ ಮಾತಿಗೆ ಬರುತ್ತೇನೆ. ನಿಮ್ಮಲ್ಲಿ ಕೊನೇ ವರ್ಷದವರು ಈಗ ನೆಟ್ಟಗೆ ಕೂತಿರಿ, ನೋಡಿದೆ. ಬೆಳೆಯುವ ವರ್ಷಗಳಲ್ಲಿ ಇಂಥ ಕಂಪನಿ ಎಲ್ಲರನ್ನೂ ಕರೆಯುತ್ತದೆ: ಗಾಡಿ ತಲುಪಿಸುವ ಚಾಲಕರು, ಮೆಕ್ಯಾನಿಕ್‌ಗಳು, ಸಾಲದ ಅರ್ಜಿ ನೋಡುವವರು, ಫೋನ್ ಎತ್ತುವವರು. ಅರ್ಜಿ ಹಾಕುತ್ತೀರಿ. ಕ್ಯಾಮೆರಾ ಮುಂದೆ ಕೂತು, ಪರದೆಯ ಮೇಲೆ ಬಂದ ಪ್ರಶ್ನೆಗೆ ಉತ್ತರಿಸಿ, ರೆಕಾರ್ಡ್ ಮಾಡಿ ಕಳಿಸಿ ಎನ್ನುತ್ತಾರೆ. ಎದುರಿಗೆ ಯಾರೂ ಇಲ್ಲ. ನೀವು ತಡವರಿಸಿದಾಗ ‘ಪರವಾಗಿಲ್ಲ, ಹೇಳಿ’ ಎನ್ನುವವರೂ ಇಲ್ಲ. ಅದಾದ ಮೇಲೆ ಮೌನ. ಆಯ್ಕೆ ಆಗಲಿಲ್ಲ ಎಂದಾದರೂ ಹೇಳಬಾರದೇ ಎಂದು ಎಷ್ಟೋ ಹುಡುಗರು ಕೇಳುತ್ತಾರೆ. ಎಷ್ಟೋ ಸಲ ನಿಮ್ಮ ಫೈಲ್ ತಿರಸ್ಕಾರವೂ ಆಗಿರುವುದಿಲ್ಲ. ನೇಮಕ ನಿಲ್ಲಿಸಿದಾಗ ಮೊದಲು ಕೆಲಸ ಕಳೆದುಕೊಳ್ಳುವವರಲ್ಲಿ ನೇಮಕ ಮಾಡುವವರೇ ಇರುತ್ತಾರೆ. ನಿಮ್ಮ ಅರ್ಜಿಯನ್ನು ಕೈಯಲ್ಲಿ ಹಿಡಿದಿದ್ದ ವ್ಯಕ್ತಿಯೇ ಹೊರಗೆ ಅರ್ಜಿ ಹಾಕುತ್ತಿರುತ್ತಾರೆ. ಜಾಹೀರಾತು ಮಾತ್ರ ಯಾರೂ ತೆಗೆಯದೆ ಹಾಗೇ ಉಳಿದಿರುತ್ತದೆ.

ವಿಚಿತ್ರ ನೋಡಿ, ಇಲ್ಲೂ ಇಲಿನಾಯ್ ರಾಜ್ಯವೇ ಮುಂದೆ. ವಿಡಿಯೊ ಸಂದರ್ಶನವನ್ನು ಕೃತಕ ಬುದ್ಧಿಮತ್ತೆಯಿಂದ ಅಳೆಯುವುದಾದರೆ ಅಭ್ಯರ್ಥಿಗೆ ಮೊದಲೇ ತಿಳಿಸಬೇಕು, ಅದು ಹೇಗೆ ಅಳೆಯುತ್ತದೆ ಎಂದು ವಿವರಿಸಬೇಕು, ಒಪ್ಪಿಗೆ ಪಡೆಯಬೇಕು, ಅಭ್ಯರ್ಥಿ ಕೇಳಿದರೆ 30 ದಿನದೊಳಗೆ ಅಳಿಸಬೇಕು ಎಂಬ ಕಾನೂನು ಅಲ್ಲಿ 2020ರಿಂದ ಇದೆ. ಉತ್ತರ ಕೊಡಲೇಬೇಕು ಎಂಬ ಕಲಮು ಮಾತ್ರ ಅದರಲ್ಲಿಲ್ಲ.

ಈ ಮೌನದಲ್ಲೇ ವಂಚಕರೂ ಬೆಳೆಯುತ್ತಾರೆ. ಹೆಸರಿರುವ ಕಂಪನಿಯ ಲೋಗೊ ಹಾಕಿ ಆಫರ್ ಲೆಟರ್ ಕಳಿಸುತ್ತಾರೆ, ಲ್ಯಾಪ್‌ಟಾಪ್ ಕೊಳ್ಳಲು ಚೆಕ್ ಕಳಿಸುತ್ತಾರೆ, ಮಿಕ್ಕ ಹಣ ನಮಗೆ ವಾಪಸ್ ಹಾಕಿ ಎನ್ನುತ್ತಾರೆ. ನೀವು ಹಾಕುತ್ತೀರಿ, ಅವರ ಚೆಕ್ ಬೌನ್ಸ್ ಆಗುತ್ತದೆ. ನಿಜವಾದ ಕಂಪನಿಗೆ ಫೋನ್ ಮಾಡಿ ಕೇಳೋಣವೆಂದರೆ ಎಚ್‌ಆರ್ ನಂಬರೇ ಎಲ್ಲೂ ಇರುವುದಿಲ್ಲ. ವಂಚಕರಿಗೆ ಕಂಪನಿ ಮಾಡಿಕೊಟ್ಟ ಅನುಕೂಲ ಅದೊಂದೇ, ಆದರೆ ಸಾಕಷ್ಟು ದೊಡ್ಡದು.

ನನ್ನ ಮಾತು ಇಷ್ಟು. ಈಗ ಪ್ರಶ್ನೆಗಳು.

ಮೊದಲು ಕೇಳಿದ ಹುಡುಗಿಯ ಪ್ರಶ್ನೆ ಹೀಗಿತ್ತು: ‘ಸರ್, ಹಾಗಾದರೆ ಆನ್‌ಲೈನ್‌ನಲ್ಲಿ ಕಾರು ಕೊಳ್ಳಲೇಬಾರದಾ?’

ಹಾಗೆ ನಾನು ಹೇಳುವುದಿಲ್ಲಮ್ಮ. ಲಕ್ಷಾಂತರ ಜನ ಕೊಂಡಿದ್ದಾರೆ, ಬಹಳ ಮಂದಿಗೆ ತೊಂದರೆ ಆಗಿಲ್ಲ. ಹೆಂಗಸರನ್ನು ಕಂಡ ಕೂಡಲೇ ಬೆಲೆ ಏರಿಸುವ ಡೀಲರನ ಎದುರು ಕೂರುವುದಕ್ಕಿಂತ ಇದೇ ವಾಸಿ ಎನ್ನುವವರಿದ್ದಾರೆ, ಅವರ ಮಾತಿನಲ್ಲಿ ತೂಕವಿದೆ. ನಾನಾದರೆ ಹಣ ಕೊಡುವ ಮುಂಚೆ ಒಂದು ಪ್ರಶ್ನೆಯನ್ನು ಬರಹದಲ್ಲಿ ಕೇಳುತ್ತೇನೆ: ಈ ಗಾಡಿಯ ಟೈಟಲ್ ಈಗ, ಈ ಕ್ಷಣದಲ್ಲಿ, ನಿಮ್ಮ ಕೈಯಲ್ಲಿದೆಯೇ? ‘ಬರುತ್ತಿದೆ’ ಎಂದರೆ ಇನ್ನೊಂದು ಗಾಡಿ ನೋಡುತ್ತೇನೆ. ಜೊತೆಗೆ ಏಳು ದಿನವನ್ನು ಸುಮ್ಮನೆ ಓಡಾಡಿ ಕಳೆಯದೆ, ಹೊರಗಿನ ಮೆಕ್ಯಾನಿಕ್ ಒಬ್ಬರಿಗೆ ಮೊದಲ ದಿನವೇ ತೋರಿಸುತ್ತೇನೆ.

ಹಿಂದಿನ ಸಾಲಿನಿಂದ ಒಬ್ಬರು ಅಧ್ಯಾಪಕರು ಕೇಳಿದರು: ‘ಇಷ್ಟೆಲ್ಲ ದೂರು ಇದ್ದ ಕಂಪನಿ ಮತ್ತೆ ಮೇಲೆ ಬಂತಲ್ಲ?’

ಬಂತು ಸರ್. 2023ರಲ್ಲಿ ಕಾರ್ವಾನಾದ ಮಾರಾಟ 3,12,847 ಕಾರುಗಳಿಗೆ ಇಳಿದಿತ್ತು. 2024ರಲ್ಲಿ ಮತ್ತೆ 4,16,348 ಆಯಿತು, 40 ಕೋಟಿ ಡಾಲರ್ ಲಾಭವನ್ನೂ ಮಾಡಿತು. ನನಗೆ ಇಷ್ಟವಾಗದ ಸತ್ಯ ಇದು: ದೂರುಗಳು ಯಾವ ಕಂಪನಿಯನ್ನೂ ಮುಳುಗಿಸಲಿಲ್ಲ. ಕಜೂ ಮುಳುಗಿದ್ದು ಹಣ ಮುಗಿದು. ವ್ರೂಮ್ ಅಂಗಡಿ ಮುಚ್ಚಿದ್ದೂ ಹಣ ಮುಗಿದೇ. ಕಾರ್ವಾನಾ ಉಳಿದದ್ದು ಸಾಲ ಕೊಟ್ಟವರ ಜೊತೆ ಒಪ್ಪಂದ ಮಾಡಿಕೊಂಡು, ಖರ್ಚು ಕತ್ತರಿಸಿ. ದೂರುಗಳಿಗೆ ಬೆಲೆ ಬಂದದ್ದು ಲೈಸೆನ್ಸ್ ಕಿತ್ತುಕೊಳ್ಳುವ ಅಧಿಕಾರ ಇದ್ದ ಒಬ್ಬ ರಾಜ್ಯ ಅಧಿಕಾರಿ ಅವನ್ನು ಓದಿದಾಗ ಮಾತ್ರ. ಹಾಗಾಗಿ ಎಲ್ಲಿ ದೂರು ಕೊಡುತ್ತೀರಿ ಎನ್ನುವುದು ಎಷ್ಟು ಜೋರಾಗಿ ಕೊಡುತ್ತೀರಿ ಎನ್ನುವುದಕ್ಕಿಂತ ಮುಖ್ಯ.

ಕೊನೆಯದು ಬಿಕಾಂ ಹುಡುಗನೊಬ್ಬನ ಪ್ರಶ್ನೆ: ‘ಇಂಥ ಕಂಪನಿಯಲ್ಲಿ ಕೆಲಸ ಸಿಕ್ಕರೆ ಸೇರಬಹುದಾ ಸರ್?’

ಸೇರಪ್ಪ, ಮೊದಲ ಕೆಲಸವನ್ನು ಆರಿಸಿಕೊಳ್ಳುವ ಭಾಗ್ಯ ಎಷ್ಟು ಜನಕ್ಕೆ ಇರುತ್ತದೆ? ಆದರೆ ಸಂದರ್ಶನದ ಕೊನೆಗೆ ‘ನಿಮ್ಮದೇನಾದರೂ ಪ್ರಶ್ನೆ ಇದೆಯಾ’ ಅಂತ ಕೇಳ್ತಾರಲ್ಲ, ಆಗ ಸಂಬಳ, ರಜೆ ಕೇಳಿದ ಮೇಲೆ ಇದನ್ನೂ ಕೇಳು: ಗ್ರಾಹಕರು ಫೋನ್ ಮಾಡಿ ಅಳುತ್ತಿದ್ದರೆ, ಯಾರ ಅನುಮತಿಯೂ ಇಲ್ಲದೆ ನಾನು ಎಷ್ಟು ಹಣದವರೆಗೆ ಪರಿಹಾರ ಕೊಡಬಹುದು? ಒಂದು ಅಂಕಿ ಹೇಳಿದರೆ, ಅದು ಎಷ್ಟೇ ಸಣ್ಣದಿರಲಿ, ಸೇರು. ‘ಅದಕ್ಕೆ ಬೇರೆ ಟೀಮ್ ಇದೆ’ ಅಂದರೆ, ಆ ಟೀಮ್‌ನಲ್ಲಿ ಖಾಲಿ ಇದೆಯಾ ಅಂತ ಕೇಳು.